ರೋಗ ತಡೆಯುವ ಮರಸೇಬು: ತಳಿ ಕಟ್ಟಿದವರ ನೂರು ವರ್ಷ

(ದತ್ತಿ ಉಪನ್ಯಾಸದ ಪಠ್ಯ)



ಬೆಳೆಯ ಬಗ್ಗೆ ಮಾತಾಡಲು ಕರೆದಿದ್ದೀರಿ. ರಾಗಿಯೋ ಅಡಿಕೆಯೋ ಮಾವೋ ವಿಷಯವಾಗಿರುತ್ತದೆ ಎಂದುಕೊಂಡು ಬಂದವರು ಕ್ಷಮಿಸಬೇಕು. ನಾನು ಆರಿಸಿಕೊಂಡಿರುವುದು ಮರಸೇಬನ್ನು. ಬೆಂಗಳೂರಿನ ಕಡೆ ತಳ್ಳುಗಾಡಿಯಲ್ಲಿ ಬೇರಿಕಾಯಿ ಎಂದು ಮಾರುತ್ತಾರಲ್ಲ, ಅದೇ ಪೇರ್ ಹಣ್ಣು. ನಮ್ಮಲ್ಲಿ ಅದೊಂದು ದೊಡ್ಡ ಬೆಳೆಯೇನೂ ಅಲ್ಲ. ಅದನ್ನು ಕೊಲ್ಲುವ ಮುಖ್ಯ ರೋಗವೂ ನಮ್ಮ ದೇಶದಲ್ಲಿ ನೆಲೆಯೂರಿಲ್ಲ. ಆದರೂ ಈ ವಿಷಯ ಹಿಡಿದದ್ದಕ್ಕೆ ಕಾರಣವಿದೆ. ಒಂದು ಹಣ್ಣಿನ ಮರಕ್ಕೆ ರೋಗ ತಡೆಯುವ ಗುಣ ತರಬೇಕೆಂದು ನೂರು ವರ್ಷಕ್ಕೂ ಮೇಲ್ಪಟ್ಟು ಬಿಡದೆ ದುಡಿದ ಕಥೆ ಮರಸೇಬಿನಲ್ಲಿ ಸಿಕ್ಕಷ್ಟು ತೆರೆದು ಬೇರೆ ಹಣ್ಣುಗಳಲ್ಲಿ ಸಿಗುವುದು ಅಪರೂಪ. ಗೆದ್ದದ್ದು, ಸೋತದ್ದು, ಗೆದ್ದು ಸೋತದ್ದು ಮೂರೂ ಅದರಲ್ಲಿವೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ರೋಗ ತಡೆಯುವ ಮರ ಹುಡುಕುವುದು ಈ ಕೆಲಸದ ಸುಲಭದ ಭಾಗ. ಅಂಥ ಮರ ನೂರು ವರ್ಷದ ಹಿಂದೆಯೇ ಸಿಕ್ಕಿತ್ತು. ಆ ಗುಣವನ್ನು ಜನ ಕೇಳಿ ತಿನ್ನುವ, ವ್ಯಾಪಾರಿ ಕೊಳ್ಳುವ, ಬೆಳೆಗಾರ ಸಾಲ ಮಾಡಿಯಾದರೂ ನೆಡಲು ಧೈರ್ಯ ಮಾಡುವ ಹಣ್ಣಿನೊಳಗೆ ಕೂರಿಸುವುದಿದೆಯಲ್ಲ, ಕಷ್ಟವೆಲ್ಲ ಅಲ್ಲಿದೆ.

ರೋಗದ ಹೆಸರು ಫೈರ್ ಬ್ಲೈಟ್. ನಮ್ಮ ಭತ್ತ, ರಾಗಿಗೆ ಬರುವ ಬೆಂಕಿರೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಶಿಲೀಂಧ್ರದಿಂದ ಬರುವುದು, ಇದು ದುಂಡಾಣುವಿನಿಂದ. ದುಂಡಾಣುವಿನ ಹೆಸರು ಎರ್ವಿನಿಯಾ ಅಮೈಲೊವೋರ. ವಸಂತದಲ್ಲಿ ಹಳೆಯ ಗಾಯದಿಂದ ಅಂಟುರಸ ಒಸರುತ್ತದೆ. ಮಳೆ ಹನಿ, ನೊಣ, ಇರುವೆ, ಜೇನು ಅದನ್ನು ಹೂವಿಗೆ ಒಯ್ಯುತ್ತವೆ. ಹೂವಿನ ಶಲಾಕಾಗ್ರದ ಮೇಲೆ ದುಂಡಾಣು ಲಕ್ಷಗಟ್ಟಲೆ ಹೆಚ್ಚುತ್ತದೆ. ಬೆಚ್ಚಗಿನ ದಿನದಲ್ಲಿ ಒಂದು ಸಣ್ಣ ಮಳೆ ಬಿದ್ದರೆ ಸಾಕು, ತೊಳೆದು ಮಕರಂದದ ಗ್ರಂಥಿಯೊಳಕ್ಕೆ ಇಳಿಯುತ್ತದೆ. ಹೂ ಕಪ್ಪಾಗುತ್ತದೆ, ಎಳೆ ಚಿಗುರು ಕೊಕ್ಕೆಯಂತೆ ಬಾಗಿ ಒಣಗುತ್ತದೆ, ಎಲೆ ಉದುರದೆ ಸುಟ್ಟಂತೆ ನೇತಾಡುತ್ತದೆ. ಬಲಿಯಾಗುವ ತಳಿಯಾದರೆ ರೋಗ ಕೊಂಬೆಯಿಂದ ಕಾಂಡಕ್ಕೆ, ಕಾಂಡದಿಂದ ಬುಡಕ್ಕೆ ಇಳಿದು ಅದೇ ವರ್ಷ ಇಡೀ ಮರವನ್ನು ಮುಗಿಸಬಲ್ಲದು.

ಇದನ್ನು ಮೊದಲು ಗಮನಿಸಿದ್ದು 1780ರಲ್ಲಿ, ನ್ಯೂಯಾರ್ಕಿನ ಹಡ್ಸನ್ ಕಣಿವೆಯಲ್ಲಿ. ನೂರು ವರ್ಷ ಜನ ಇದಕ್ಕೆ ಮಿಂಚು, ಬಿಸಿಲು, ಮಣ್ಣು ಎಂದೆಲ್ಲ ಕಾರಣ ಹುಡುಕಿದರು. ಇಲಿನಾಯ್‌ನ ಥಾಮಸ್ ಬರಿಲ್ 1870ರ ದಶಕದ ಕೊನೆಯಲ್ಲಿ ದುಂಡಾಣುವೇ ಕಾರಣವೆಂದು ತೋರಿಸಿದ. ಗಿಡಕ್ಕೂ ದುಂಡಾಣುವಿನಿಂದ ಕಾಯಿಲೆ ಬರುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದೇ ಈ ರೋಗದಿಂದ. 1891ರಲ್ಲಿ ಮರ್ಟನ್ ವೇಟ್ ಎಂಬಾತ ಜೇನುನೊಣ ಅದನ್ನು ಹೂವಿನಿಂದ ಹೂವಿಗೆ ಸಾಗಿಸುವುದನ್ನು ತೋರಿಸಿದ. ಅಲ್ಲಿಗೆ ಬೆಳೆಗಾರನ ಪಾಡು ಸ್ಪಷ್ಟವಾಯಿತು. ಜೇನು ಬಾರದಿದ್ದರೆ ಕಾಯಿ ಕಟ್ಟದು, ಬಂದರೆ ರೋಗ ಬರಬಹುದು.

ಔಷಧಿಯ ಮಾತನ್ನು ಬೇಗ ಮುಗಿಸುತ್ತೇನೆ. 1950ರ ದಶಕದಿಂದ ಸ್ಟ್ರೆಪ್ಟೋಮೈಸಿನ್ ಸಿಂಪಡಣೆ ಬಂತು. 1971ರಲ್ಲೇ ಕ್ಯಾಲಿಫೋರ್ನಿಯಾದ ಮರಸೇಬು ತೋಟಗಳಲ್ಲಿ ಅದಕ್ಕೆ ಬಗ್ಗದ ದುಂಡಾಣು ಕಂಡಿತು. 2014ರಿಂದ ಅಮೆರಿಕದ ಸಾವಯವ ತೋಟಗಳಲ್ಲಿ ಈ ಜೀವಿರೋಧಕಗಳನ್ನು ಬಳಸುವಂತಿಲ್ಲ. ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ಕಡೆಯಿಂದ ಬಂದ ದಾಳಿಂಬೆ ಬೆಳೆಗಾರರು ಇಲ್ಲಿದ್ದರೆ ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದುಂಡಾಣು ಅಂಗಮಾರಿಗೆ ಅವರು ಹೊಡೆಯುತ್ತಾ ಬಂದ ಸ್ಟ್ರೆಪ್ಟೋಸೈಕ್ಲಿನ್‌ನಲ್ಲಿ ಇರುವುದೂ ಇದೇ ಸ್ಟ್ರೆಪ್ಟೋಮೈಸಿನ್. ರೋಗ ತಗಲಿದ ಕೊಂಬೆಯನ್ನು ಚೆನ್ನಾಗಿ ಕೆಳಗೆ ಕತ್ತರಿಸಿ ಸುಡುವುದು, ಕತ್ತರಿಯನ್ನು ತೊಳೆಯುತ್ತಾ ಚಾಟನಿ ಮಾಡುವುದು, ಸಾರಜನಕ ಗೊಬ್ಬರ ಕಡಿಮೆ ಕೊಟ್ಟು ಹೊಸ ಚಿಗುರಿನ ಅಬ್ಬರ ತಗ್ಗಿಸುವುದು ಎಲ್ಲವೂ ಅಲ್ಲೂ ಉಂಟು. ಇವೆಲ್ಲ ರೋಗವನ್ನು ಮುಂದೂಡುವ ಉಪಾಯಗಳು.

ಹಾಗಾದರೆ ತಳಿ. ಇಲ್ಲಿ ಮರಸೇಬಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ಬಾರ್ಟ್ಲೆಟ್ ಎಂಬ ಹಣ್ಣು ಹೆಸರಾಗಿದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ತಾನಾಗಿ ಹುಟ್ಟಿದ ಒಂದು ಸಸಿ ಅದು. ಅಲ್ಲಿ ವಿಲಿಯಮ್ಸ್ ಎಂದು ಹೆಸರು. ಅಮೆರಿಕಕ್ಕೆ ಹೋದ ಮರಗಳಿದ್ದ ಜಮೀನನ್ನು ಕೊಂಡ ಈನಾಕ್ ಬಾರ್ಟ್ಲೆಟ್ ಎಂಬಾತ ಮೂಲ ಹೆಸರು ಗೊತ್ತಿಲ್ಲದೆ ತನ್ನ ಹೆಸರಿನಲ್ಲಿ ಹಂಚಿದ. ಇಂದು ಜಗತ್ತಿನಲ್ಲಿರುವ ಬಾರ್ಟ್ಲೆಟ್ ಮರಗಳೆಲ್ಲ ಆ ಒಂದೇ ಸಸಿಯಿಂದ ಕಸಿಯ ಮೇಲೆ ಕಸಿಯಾಗಿ ಬಂದವು. ಒಂದಕ್ಕೆ ಬಾರದ ಶಕ್ತಿ ಇನ್ನೊಂದಕ್ಕೆ ಬರುವುದಿಲ್ಲ. ಬೀಜ ಹಾಕಿದರೆ ಬಾರ್ಟ್ಲೆಟ್ ಹುಟ್ಟುವುದಿಲ್ಲ, ಏಕೆಂದರೆ ಮರಸೇಬಿನ ಬಹುಪಾಲು ತಳಿಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಬೀಜವೆಂದರೆ ಎರಡು ಮರಗಳ ಮಿಶ್ರಣ. ಆ ಬೀಜದ ಸಸಿ ಮೊದಲ ಹೂ ಬಿಡಲು ಐದು ವರ್ಷ, ಎಂಟು ವರ್ಷ, ಕೆಲವೊಮ್ಮೆ ಹತ್ತು ದಾಟುತ್ತದೆ. ರಾಗಿಯಲ್ಲಿ ಸಂಕರಣ ಮಾಡಿದವನು ನಾಲ್ಕು ತಿಂಗಳಿಗೆ ಮುಂದಿನ ಪೀಳಿಗೆಯನ್ನು ನೋಡುತ್ತಾನೆ. ಮರಸೇಬಿನ ತಳಿವಿಜ್ಞಾನಿಗೆ ಸೇವಾವಧಿಯಲ್ಲಿ ಸಿಗುವುದು ಎರಡು ಪೀಳಿಗೆ, ಅದೃಷ್ಟವಿದ್ದರೆ ಮೂರು.

ತಾನಾಗಿ ಒದಗಿದ ಮಿಶ್ರಣವೊಂದು ಮೊದಲು ಬಂತು. ಫಿಲಡೆಲ್ಫಿಯಾ ಬಳಿ ಪೀಟರ್ ಕೀಫರ್ ಎಂಬ ನರ್ಸರಿಯವನ ತೋಟದಲ್ಲಿ ಏಷ್ಯಾದ ಮರಳು ಪೇರ್ ಮರಗಳಿದ್ದವು. ಅದರ ಬೀಜದ ಒಂದು ಸಸಿ 1873ರಲ್ಲಿ ಹಣ್ಣು ಬಿಟ್ಟಿತು. ಪಕ್ಕದ ಬಾರ್ಟ್ಲೆಟ್‌ನ ಪರಾಗ ಸೇರಿತ್ತೆಂಬುದು ಊಹೆ. ಕೀಫರ್ ಮರ ಗಟ್ಟಿ, ಫಸಲು ಹೇರಳ, ರೋಗ ಬಂದರೂ ತಡೆದುಕೊಳ್ಳುತ್ತದೆ. ರೋಗದ ಕಾಟ ಹೆಚ್ಚಿದ್ದ ದಕ್ಷಿಣದ ರಾಜ್ಯಗಳಲ್ಲಿ ಜನ ಮುಗಿಬಿದ್ದು ನೆಟ್ಟರು. ಹಣ್ಣು ಮಾತ್ರ ಹಲ್ಲಿಗೆ ಮರಳು ಸಿಕ್ಕಂತೆ. ಪೇರ್ ಹಣ್ಣಿನ ತಿರುಳಿನಲ್ಲಿ ಕಲ್ಲುಕೋಶಗಳೆಂಬ ಗಡುಸು ಕೋಶಗಳಿರುತ್ತವೆ; ಯೂರೋಪಿನ ಒಳ್ಳೆಯ ತಳಿಗಳಲ್ಲಿ ಕಡಿಮೆ, ಇಂಥವುಗಳಲ್ಲಿ ಹೆಚ್ಚು. ಕೀಫರ್ ಡಬ್ಬಿಗೆ, ಮುರಬ್ಬಕ್ಕೆ ಸರಿಹೋಯಿತು, ಕೈಯಲ್ಲಿ ಹಿಡಿದು ತಿನ್ನಲು ಸೇರಲಿಲ್ಲ. ಏಷ್ಯಾದಿಂದ ನಿರೋಧಕ ಗುಣ ತಂದರೆ ಜೊತೆಗೆ ಮರಳೂ ಬರುತ್ತದೆ ಎಂಬ ಪಾಠ ಅಲ್ಲೇ ಸಿಕ್ಕಿತು. ನಮ್ಮ ಬೆಟ್ಟದ ಸೀಮೆಗಳಿಗೂ ಕೀಫರ್ ಬಂದಿದೆ.

ಆಮೇಲೆ ಬಂದವನು ಫ್ರಾಂಕ್ ರೈಮರ್. ಈ ಕಥೆಯಲ್ಲಿ ನನಗೆ ಹೆಚ್ಚು ಮೆಚ್ಚಾದವನು ಇವನೇ. ದಕ್ಷಿಣ ಒರೆಗಾನಿನ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಸುತ್ತಲ ರೋಗ್ ನದಿಯ ಕಣಿವೆಯಲ್ಲಿ ಮರಸೇಬು ತೋಟಗಳು ಸುಡುತ್ತಿದ್ದವು. ಸಿಕ್ಕ ಸಿಕ್ಕ ಜಾತಿಯ ಪೇರ್ ಮರವನ್ನೆಲ್ಲ ತಂದು ನೆಟ್ಟು ದುಂಡಾಣುವನ್ನು ಸೂಜಿಯಲ್ಲಿ ಚುಚ್ಚಿ, ಯಾವುದು ಬದುಕುತ್ತದೆ ಎಂದು ನೋಡುವುದು ಅವನ ವಿಧಾನ. ಒರಟು ವಿಧಾನ, ಆದರೆ ಮೋಸವಿಲ್ಲದ್ದು. 1917 ಮತ್ತು 1919ರಲ್ಲಿ ಚೀನಾ, ಕೊರಿಯ, ಜಪಾನ್ ಸುತ್ತಿ ಕಾಡು ಪೇರ್‌ಗಳ ಬೀಜ ತಂದ. ಫೈರ್ ಬ್ಲೈಟನ್ನು ಎಂದೂ ಕಂಡಿರದ ಆ ಏಷ್ಯಾದ ಜಾತಿಗಳಲ್ಲಿ ಕೆಲವು ಅದನ್ನು ಚೆನ್ನಾಗಿ ತಡೆದವು. ಶತ್ರುವಿನ ಜೊತೆ ಸಾವಿರಾರು ವರ್ಷ ಬಾಳಿದವರಿಗೇ ತಡೆಯುವ ಶಕ್ತಿ ಬರುತ್ತದೆ ಎಂಬ ಪಾಠಪುಸ್ತಕದ ಮಾತಿಗೆ ಇದು ಒಗ್ಗುವುದಿಲ್ಲ.

ಅವನಿಗೆ ಸಿಕ್ಕ ದೊಡ್ಡ ನಿಧಿ ಮಾತ್ರ ಚೀನಾದಲ್ಲಿರಲಿಲ್ಲ. ಇಲಿನಾಯ್ ರಾಜ್ಯದ ಹಳೆಯ ತೋಟಗಳಲ್ಲಿ ಯೂರೋಪಿನ ಜಾತಿಯದೇ ಎರಡು ಮರಗಳು ಅವನ ಕಣ್ಣಿಗೆ ಬಿದ್ದವು: ಓಲ್ಡ್ ಹೋಮ್, ಫಾರ್ಮಿಂಗ್‌ಡೇಲ್. ಹಣ್ಣು ಲೆಕ್ಕಕ್ಕಿಲ್ಲ, ಮರ ರೋಗಕ್ಕೆ ಜಗ್ಗುವುದಿಲ್ಲ. ಅವುಗಳನ್ನು ಬೇರುಸಸಿಯಾಗಿ, ಕಾಂಡವಾಗಿ ಬಳಸಿ, ಮೇಲೆ ಬಾರ್ಟ್ಲೆಟ್ ಕಸಿ ಕಟ್ಟಿದರೆ ಮೇಲಿನ ಕೊಂಬೆ ಸುಟ್ಟರೂ ಬುಡ ಉಳಿಯುತ್ತದೆ. ಮತ್ತೆ ಕಸಿ ಕಟ್ಟಬಹುದು. ನಂತರ ಒರೆಗಾನಿನ ಲೈಲ್ ಬ್ರೂಕ್ಸ್ ಎಂಬ ನರ್ಸರಿಗಾರ ಎರಡರ ಸಂಕರವೆಂದು ಬಗೆದ ಸಸಿಗಳ ಸಾಲು ಬೆಳೆಸಿ ಆರಿಸಿದ. ಓಲ್ಡ್ ಹೋಮ್ ಮತ್ತು ಫಾರ್ಮಿಂಗ್‌ಡೇಲ್‌ನ ಮೊದಲಕ್ಷರಗಳ ಜೊತೆ 87, 97, 333 ಎಂಬ ಅಂಕೆ ಹೊತ್ತ ಆ ಬೇರುಸಸಿಗಳನ್ನು ಇಂದೂ ಅಮೆರಿಕದ ತೋಟಗಳಲ್ಲಿ ನೆಡುತ್ತಾರೆ. ಹಣ್ಣಿನ ರುಚಿಯ ತಂಟೆಗೆ ಹೋಗದೆ, ತಿನ್ನುವವನಿಗೆ ಕಾಣದಂತೆ ಮಣ್ಣಿನೊಳಗೆ ನಿರೋಧಕ ಗುಣವನ್ನಿಟ್ಟದ್ದರಿಂದ ಈ ಕೆಲಸ ಗೆದ್ದಿತು ಎಂದು ನನ್ನ ತೀರ್ಮಾನ.

ಏಷ್ಯಾದ ಬೀಜಗಳ ಗತಿ ಬೇರೆಯಾಯಿತು. ಫೈರ್ ಬ್ಲೈಟ್ ತಡೆಯುತ್ತವೆಂದು ಏಷ್ಯಾದ ಜಾತಿಗಳನ್ನು ಬೇರುಸಸಿಯಾಗಿ ಬಳಸಿದ ತೋಟಗಳಿಗೆ ಮತ್ತೊಂದು ಕಾಯಿಲೆ ಅಡರಿತು. ಪೇರ್ ಡಿಕ್ಲೈನ್ ಎಂದು ಹೆಸರು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ಸಿಲ್ಲ ಎಂಬ ಸಣ್ಣ ಕೀಟ ವಾಹಕ. ಕಸಿಯ ಗಂಟಿನಲ್ಲಿ ಆಹಾರ ಸಾಗುವ ನಾಳ ಕಟ್ಟಿಕೊಂಡು ಬೇರು ಹಸಿವಿನಿಂದ ಸಾಯುತ್ತದೆ. ಏಷ್ಯಾದ ಕೆಲವು ಬೇರುಸಸಿಗಳ ಮೇಲೆ ನಿಂತ ಮರಗಳೇ ಇದಕ್ಕೆ ಹೆಚ್ಚು ಬಲಿಯಾದವು. 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೋದ ಮರಗಳ ಲೆಕ್ಕ ಲಕ್ಷಗಳಲ್ಲಿದೆ. ಒಂದು ರೋಗಕ್ಕೆ ಹಾಕಿದ ಬೇಲಿ ಇನ್ನೊಂದಕ್ಕೆ ದಾರಿಯಾಯಿತು. ರೋಗನಿರೋಧಕ ತಳಿ ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಯಾವ ರೋಗಕ್ಕೆ?

ಇನ್ನೊಂದು ಕಥೆ ಕ್ಯಾಲರಿ ಪೇರ್‌ನದು. ಚೀನಾದ ಈ ಕಾಡು ಜಾತಿಯ ನಿರೋಧಕ ಗುಣವನ್ನು ರೈಮರ್ ಗುರುತಿಸಿದ ಮೇಲೆ ಅಮೆರಿಕದ ಕೃಷಿ ಇಲಾಖೆ ಫ್ರಾಂಕ್ ಮೆಯರ್ ಎಂಬ ಸಸ್ಯಸಂಗ್ರಾಹಕನಿಗೆ ಮೂಟೆಗಟ್ಟಲೆ ಬೀಜ ತರಲು ಹೇಳಿತು. ಹಣ್ಣು ಗೋಲಿಗಿಂತ ಸಣ್ಣದು. ಬೀಜ ಬಿಡಿಸುವುದೇ ಯಮಯಾತನೆ. ಮೆಯರ್ ಬೀಜ ಕಳಿಸಿದ, ತಾನು ಹಿಂತಿರುಗಲಿಲ್ಲ. 1918ರ ಜೂನ್‌ನಲ್ಲಿ ಯಾಂಗ್‌ಟ್ಸಿ ನದಿಯ ಹಡಗಿನಿಂದ ಕಾಣೆಯಾದ. ಆಮೇಲೆ ಹೊಳೆಯಲ್ಲಿ ಹೆಣ ಸಿಕ್ಕಿತು. ಮೇರಿಲ್ಯಾಂಡಿನ ಗ್ಲೆನ್ ಡೇಲ್ ಕೇಂದ್ರದಲ್ಲಿ ಬೆಳೆದ ಕ್ಯಾಲರಿ ಮರಗಳಲ್ಲೊಂದು ಮುಳ್ಳಿಲ್ಲದೆ, ಗೋಪುರದಂತೆ, ಬಿಳಿ ಹೂವಿನಿಂದ ತುಂಬಿ ನಿಂತಿತ್ತು. ಅದಕ್ಕೆ ಬ್ರಾಡ್‌ಫರ್ಡ್ ಎಂದು ಹೆಸರಿಟ್ಟು 1963ರಲ್ಲಿ ಅಲಂಕಾರದ ಮರವಾಗಿ ಬಿಡುಗಡೆ ಮಾಡಿದರು. ರೋಗವಿಲ್ಲ, ಹುಳುವಿಲ್ಲ, ಎಲ್ಲಿ ನೆಟ್ಟರೂ ಬರುತ್ತದೆ. ಹೊಸ ಬಡಾವಣೆಗಳ ಬೀದಿಬೀದಿಯಲ್ಲಿ ಅದೇ ಮರ. ಒಂದೇ ತಳಿಯಾದ್ದರಿಂದ ಕಾಯಿ ಕಟ್ಟದೆಂಬ ನಂಬಿಕೆ. ಆದರೆ ಬೇರೆ ನರ್ಸರಿಗಳು ಬೇರೆ ಕ್ಯಾಲರಿ ತಳಿಗಳನ್ನು ತಂದವು, ಬುಡದ ಬೇರುಸಸಿಯೂ ಚಿಗುರಿ ಹೂ ಬಿಟ್ಟಿತು. ಪರಾಗ ಸೇರಿತು, ಹಕ್ಕಿ ತಿಂದು ಬೀಜ ಹರಡಿತು. ಇಂದು ಹೊಲದಂಚಿನಲ್ಲಿ, ಹೆದ್ದಾರಿ ಪಕ್ಕದಲ್ಲಿ ಮುಳ್ಳಿನ ಕ್ಯಾಲರಿ ಪೊದೆ ಹಬ್ಬಿದೆ. ಒಹಾಯೊ 2023ರಲ್ಲಿ, ಪೆನ್ಸಿಲ್ವೇನಿಯ ಮತ್ತು ದಕ್ಷಿಣ ಕ್ಯಾರೊಲಿನಾ 2024ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದವು. ಲಂಟಾನವನ್ನು ಬಲ್ಲ ನಮಗೆ ಇದು ಹೊಸ ಸಂಗತಿಯಲ್ಲ. ಬೆಳೆಗಾರನ ತೋಟ ಉಳಿಸಲೆಂದು ತಂದ ಬೀಜ, ತೋಟಕ್ಕೆ ಸ್ವಲ್ಪವೇ ಉಪಯೋಗವಾಗಿ, ಪಕ್ಕದ ಕಾಡನ್ನು ನುಂಗಿತು.

ತಿನ್ನುವ ಹಣ್ಣಿಗೆ ಬರೋಣ. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದಲ್ಲಿ ಜಾನ್ ಮ್ಯಾಗ್ನೆಸ್ ಎಂಬ ವಿಜ್ಞಾನಿಯ ಕಾಲದಲ್ಲಿ ಶುರುವಾದ ಕೆಲಸ ಮುಂದೆ ಪಶ್ಚಿಮ ವರ್ಜೀನಿಯಾದ ಕಿಯರ್ನಿಸ್‌ವಿಲ್‌ಗೆ ಹೋಯಿತು. ಕೆನಡದ ಒಂಟಾರಿಯೊದ ಹ್ಯಾರೊ ಕೇಂದ್ರದಲ್ಲೂ ಇದೇ ಕೆಲಸ ನಡೆಯಿತು. ವಿಧಾನ ಹೀಗೆ: ಸಂಕರಿಸಿದ ಸಾವಿರಾರು ಸಸಿಗಳ ಎಳೆ ತುದಿಗೆ ಹಸಿರುಮನೆಯಲ್ಲಿ ದುಂಡಾಣು ತಗಲಿಸುವುದು, ಕೆಲವು ವಾರ ಬಿಟ್ಟು ಚಿಗುರಿನ ಎಷ್ಟು ಭಾಗ ಕಪ್ಪಾಯಿತೆಂದು ಅಳೆಯುವುದು. ಬದುಕಿದವನ್ನು ತೋಟದಲ್ಲಿ ನೆಟ್ಟು ಹಣ್ಣಿಗಾಗಿ ವರ್ಷಗಟ್ಟಲೆ ಕಾಯುವುದು. ಹಣ್ಣು ಬಂದ ಮೇಲೆ ರುಚಿ, ಗಾತ್ರ, ಕಲ್ಲುಕೋಶ, ತಣ್ಣನೆಯ ಕೋಣೆಯಲ್ಲಿ ತಾಳಿಕೆ ಒಂದೊಂದಾಗಿ ನೋಡುತ್ತಾ ಕಿತ್ತೆಸೆಯುವುದು. ಕಿತ್ತೆಸೆಯುವುದೇ ಈ ಉದ್ಯೋಗದ ಬಹುಪಾಲು.

ಉಳಿದವುಗಳಲ್ಲಿ ಕೆಲವನ್ನು ಹೆಸರಿಸುತ್ತೇನೆ. 1960ರಲ್ಲಿ ಬಂದ ಮ್ಯಾಗ್ನೆಸ್ ತಳಿ ರುಚಿಯಲ್ಲಿ ಯಾವ ಹಳೆಯ ತಳಿಗೂ ಸೋಲುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ, ಮರ ರೋಗವನ್ನೂ ತಡೆಯುತ್ತದೆ. ಆದರೆ ಫಲಕ್ಕೆ ಬರಲು ತಡ, ಫಸಲು ಕಡಿಮೆ, ಅದರ ಪರಾಗ ಬರಡು. ನೆಟ್ಟವನು ಪರಾಗಕ್ಕೆ ಬೇರೆ ಮರಗಳನ್ನೂ ಸಾಕಬೇಕು. ಅದೇ ವರ್ಷದ ಮೂನ್‌ಗ್ಲೋ ತಡೆಯುತ್ತದೆ, ರುಚಿ ಸಾಧಾರಣ. ಅದಕ್ಕೆ ತಾಯಿಯಾಗುವ ಯೋಗವಿತ್ತು. ಅದರ ಮಗಳು 1993ರ ಪೊಟೋಮ್ಯಾಕ್, ಆಂಜೂ ತಳಿಯ ಸಂಕರದಿಂದ ಬಂದದ್ದು. ಬ್ಲೇಕ್ಸ್ ಪ್ರೈಡ್, ಶೆನಾಂಡೊವಾ, ಇತ್ತೀಚಿನ ಜೆಮ್ ಅಮೆರಿಕದವು. ಜೆಮ್ ಆರು ತಿಂಗಳಿಗೂ ಮೇಲೆ ಶೈತ್ಯಾಗಾರದಲ್ಲಿ ಕೆಡದೆ ಉಳಿಯುತ್ತದೆ. ಹ್ಯಾರೊ ಸ್ವೀಟ್, ಹ್ಯಾರೊ ಡಿಲೈಟ್ ಕೆನಡದವು. ಹಿತ್ತಲಿನಲ್ಲಿ ನಾಲ್ಕು ಮರ ನೆಡುವವರು, ಸಾವಯವದವರು ಇವುಗಳನ್ನು ಕೇಳಿ ಕೊಳ್ಳುತ್ತಾರೆ. ದೊಡ್ಡ ತೋಟ? ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲಿ ಇಂದಿಗೂ ತೋಟ ತುಂಬಿರುವುದು ಬಾರ್ಟ್ಲೆಟ್, ಆಂಜೂ, ಬಾಸ್ಕ್. ಮೂರೂ ನೂರೈವತ್ತು ವರ್ಷಕ್ಕಿಂತ ಹಳೆಯವು, ಮೂರಕ್ಕೂ ರೋಗದ ಭಯವಿದೆ.

ಬೆಳೆಗಾರನನ್ನು ಇದಕ್ಕೆ ದೂರುವವರಿದ್ದಾರೆ. ನಾನು ದೂರುವುದಿಲ್ಲ. ಅಂಗಡಿಯಲ್ಲಿ ಜನ ಕೇಳುವುದು ಹೆಸರು ಹಿಡಿದು. ಡಬ್ಬಿ ಕಾರ್ಖಾನೆಯವರು ಬಾರ್ಟ್ಲೆಟ್ಟಿನ ಅಳತೆಗೆ ಯಂತ್ರ ಹೊಂದಿಸಿದ್ದಾರೆ. ಮೂವತ್ತು, ನಲವತ್ತು ವರ್ಷ ನಿಲ್ಲುವ ಮರವನ್ನು ಹೆಸರಿಲ್ಲದ ಹಣ್ಣಿಗಾಗಿ ನೆಟ್ಟವನು ನಷ್ಟವಾದರೆ ಒಬ್ಬನೇ ಹೊರಬೇಕು. ರೋಗ ಪ್ರತಿ ವರ್ಷ ಬರುವುದಿಲ್ಲ, ಸಾಲದ ಕಂತು ಪ್ರತಿ ವರ್ಷ ಬರುತ್ತದೆ. ನಮ್ಮಲ್ಲಿ ಅಂಗಮಾರಿಗೆ ಸುಲಭವಾಗಿ ತುತ್ತಾಗುವ ಭಗವಾ ದಾಳಿಂಬೆಯನ್ನು ರೈತ ಬಿಡದಿರುವುದೂ ಇದೇ ಕಾರಣಕ್ಕೆ: ಬಣ್ಣಕ್ಕೆ ಬೆಲೆ ಇದೆ.

ಮಾರುಕಟ್ಟೆಯ ಹೆಸರನ್ನೇ ಉಳಿಸಿಕೊಂಡು ರೋಗವನ್ನು ಮಾತ್ರ ಕಳೆಯುವ ದಾರಿ ಉಂಟೇ? ಜಪಾನಿನಲ್ಲಿ ಅಂಥದೊಂದು ನಡೆದಿದೆ. ಅಲ್ಲಿನ ರೋಗ ಬೇರೆ, ಆಲ್ಟರ್ನೇರಿಯ ಶಿಲೀಂಧ್ರದ ಕಪ್ಪುಚುಕ್ಕೆ. ಹಣ್ಣು ನಿಜಿಸ್ಸೈಕಿ, 1888ರಲ್ಲಿ ಚಿಬಾ ಪ್ರಾಂತ್ಯದಲ್ಲಿ 13 ವರ್ಷದ ಹುಡುಗನೊಬ್ಬ ಕಸದ ಗುಂಡಿಯ ಬಳಿ ಕಂಡು ಕಿತ್ತುತಂದ ಸಸಿ. ತೆಳು ಹಸಿರು ಸಿಪ್ಪೆ, ನೀರು ತುಂಬಿದ ತಿರುಳು. ಟೊಟ್ಟೊರಿ ಪ್ರಾಂತ್ಯ ಇದರಿಂದಲೇ ಹೆಸರಾಯಿತು. ಕಪ್ಪುಚುಕ್ಕೆಗೆ ಮಾತ್ರ ಬಲು ಬೇಗ ಬೀಳುತ್ತದೆ. ಬೆಳೆಗಾರರು ಮತ್ತೆ ಮತ್ತೆ ಔಷಧಿ ಹೊಡೆದು, ಒಂದೊಂದು ಕಾಯಿಗೂ ಕಾಗದದ ಚೀಲ ಕಟ್ಟಿ ಕಾಪಾಡುತ್ತಿದ್ದರು. ಆ ಶಿಲೀಂಧ್ರ ಒಂದು ವಿಷ ಸ್ರವಿಸುತ್ತದೆಂದೂ ಅದು ಕೆಲವು ತಳಿಗಳನ್ನು ಮಾತ್ರ ಕೊಲ್ಲುತ್ತದೆಂದೂ ತನಾಕ ಎಂಬ ವಿಜ್ಞಾನಿ 1933ರಲ್ಲೇ ಕಂಡಿದ್ದ. ವಿಷಕ್ಕೆ ಬಲಿಯಾಗುವಂತೆ ಮಾಡುವುದು ಒಂದೇ ಒಂದು ಪ್ರಬಲ ಜೀನ್. ಅದೊಂದು ಕೆಟ್ಟರೆ ಮರ ಬದುಕುತ್ತದೆ.

ಇಬರಾಕಿ ಪ್ರಾಂತ್ಯದಲ್ಲಿ ನಡುವೆ ಕೋಬಾಲ್ಟ್ 60 ಇಟ್ಟು, ಸುತ್ತ ನೂರು ಮೀಟರ್ ತ್ರಿಜ್ಯದ ವೃತ್ತಾಕಾರದ ಹೊಲ ಮಾಡಿದ್ದರು. ಗಾಮಾ ಕಿರಣದ ಹೊಲ. 1962ರಲ್ಲಿ ಅಲ್ಲಿ ನಿಜಿಸ್ಸೈಕಿ ಮರಗಳನ್ನು ನೆಟ್ಟರು. ವರ್ಷಗಳು ಹೋದವು, ಏನೂ ಆಗಲಿಲ್ಲ. 1981ರಲ್ಲಿ ಚುಕ್ಕೆಯಿಂದ ಕಪ್ಪಾದ ಮರವೊಂದರಲ್ಲಿ ಒಂದೇ ಒಂದು ಕೊಂಬೆ ಹಸಿರಾಗಿರುವುದು ಕಣ್ಣಿಗೆ ಬಿತ್ತು. ಆ ಕೊಂಬೆಯ ಕಸಿಕಡ್ಡಿಗಳಿಂದ ಬೆಳೆಸಿ ಪರೀಕ್ಷಿಸಿ ಗೋಲ್ಡ್ ನಿಜಿಸ್ಸೈಕಿ ಎಂಬ ಹೆಸರಿನಲ್ಲಿ 1991ರಲ್ಲಿ ನೋಂದಾಯಿಸಿದರು. ಹಣ್ಣು ಅದೇ, ರೋಗ ಬಹಳ ಕಡಿಮೆ. ಪೂರ್ತಿ ಇಲ್ಲವಾಗಲಿಲ್ಲ, ಸಿಂಪಡಣೆ ಇಳಿಯಿತು. ಇದನ್ನು ಕಂಡ ಮೇಲೆ ಎಲೆಯ ಚೂರಿಗೆ ಆ ವಿಷವನ್ನೇ ಹಾಕಿ ಪರೀಕ್ಷಿಸುವ ವಿಧಾನ ಬಂತು. ವರ್ಷಗಟ್ಟಲೆ ರೋಗಕ್ಕೆ ಕಾಯುವ ಬದಲು ಕೆಲವೇ ದಿನದಲ್ಲಿ ಉತ್ತರ.

ಫೈರ್ ಬ್ಲೈಟ್‌ನಲ್ಲಿ ಇಂಥ ಒಂದೇ ಜೀನ್ ಇಲ್ಲ. ತಡೆಯುವ ಗುಣ ಹಲವು ಜೀನುಗಳಲ್ಲಿ ಹಂಚಿಹೋಗಿದೆ. ಹೂ ತಡೆದರೆ ಚಿಗುರು ತಡೆಯಬೇಕೆಂದಿಲ್ಲ. ಆದರೂ 2004ರಲ್ಲಿ ಇಟಲಿಯ ಬೊಲೊನ್ಯಾದವರು ಹ್ಯಾರೊ ಸ್ವೀಟ್‌ನ ಎರಡನೆಯ ಸಹಲಗ್ನ ಗುಂಪಿನಲ್ಲಿ, ಅಂದರೆ ಒಟ್ಟಿಗೆ ಸಾಗುವ ಜೀನುಗಳ ಒಂದು ಸಾಲಿನಲ್ಲಿ, ದೊಡ್ಡ ಪಾಲು ಹೊತ್ತ ಭಾಗವೊಂದನ್ನು ಗುರುತಿಸಿದರು. ಮೂನ್‌ಗ್ಲೋನಲ್ಲೂ ಅದೇ ಗುಂಪಿನಲ್ಲಿ ಸಿಕ್ಕಿದೆ. ಚೀನಾದ ಪೇರ್‌ನ ಜೀನೋಮ್ 2013ರಲ್ಲಿ, ಬಾರ್ಟ್ಲೆಟ್‌ನದು 2014ರಲ್ಲಿ ಪ್ರಕಟವಾದವು. ಈಗ ಸಸಿ ಅಂಗೈ ಎತ್ತರವಿದ್ದಾಗಲೇ ಎಲೆಯ ಚೂರು ತೆಗೆದು ಗುಣವಿದೆಯೇ ಎಂದು ನೋಡಬಹುದು. ಹಣ್ಣಿಗಾಗಿ ಕಾಯುವುದು ತಪ್ಪಿಲ್ಲ.

ಒರೆಗಾನಿನ ಕೊರ್ವಾಲಿಸ್‌ನಲ್ಲಿ ಅಮೆರಿಕ ಸರ್ಕಾರ ಎರಡು ಸಾವಿರಕ್ಕೂ ಹೆಚ್ಚು ಬಗೆಯ ಪೇರ್ ಮರಗಳನ್ನು ಸಾಕಿಕೊಂಡಿದೆ. ಅವುಗಳಲ್ಲಿ ಬಹುಪಾಲು ಯಾರಿಗೂ ಬೇಡದ ಹಣ್ಣು. ಮೂರು ವರ್ಷದ ಪ್ರಾಜೆಕ್ಟಿಗೆ ಹಣ ಕೇಳುವ ಪದ್ಧತಿಯಲ್ಲಿ ಅಂಥ ತೋಟ ಉಳಿಯುವುದಿಲ್ಲ. ಓಲ್ಡ್ ಹೋಮ್ ಕೂಡ ಬೇಡದ ಹಣ್ಣೇ ಆಗಿತ್ತು. ನಮ್ಮಲ್ಲಿ ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಗಡುಸಾದ ಪಥರ್‌ನಾಖ್ ಜೊತೆಗೆ ಪಂಜಾಬ್ ಬ್ಯೂಟಿಯಂಥ ಮೆದು ಹಣ್ಣಿನ ತಳಿಗಳನ್ನು ರೈತರಿಗೆ ಕೊಟ್ಟಿದೆ. ಹಿಮಾಲಯದ ಕಾಡು ಕೈಂತ್ ಮರವೇ ನಮ್ಮ ಬೇರುಸಸಿ. ನಮ್ಮ ಸಂಶೋಧನಾ ಕೇಂದ್ರಗಳ ಹಳೆಯ ತೋಟಗಳನ್ನು ಕಟ್ಟಡಕ್ಕೆಂದು ಕಡಿಯುವ ಮುನ್ನ ಅಲ್ಲಿ ಏನೇನಿದೆ ಎಂದು ಪಟ್ಟಿಯನ್ನಾದರೂ ಮಾಡಬೇಕೆಂದು ಇಲ್ಲಿರುವ ಅಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಒಂದು ಮಾತು, ಇದು ಬೆಳೆಗಾರರಿಗೆ ಮತ್ತು ಹೊರದೇಶದಲ್ಲಿ ಮಕ್ಕಳಿರುವ ತಂದೆತಾಯಿಯರಿಗೆ. ಫೈರ್ ಬ್ಲೈಟ್ 1919ರಲ್ಲಿ ನ್ಯೂಜಿಲೆಂಡಿಗೆ, 1957ರಲ್ಲಿ ಇಂಗ್ಲೆಂಡಿಗೆ, 2015ರಲ್ಲಿ ದಕ್ಷಿಣ ಕೊರಿಯಕ್ಕೆ ಹೋಯಿತು. ಚೀನಾದ ಷಿಂಜಿಯಾಂಗ್‌ನ ಮರಸೇಬು ತೋಟಗಳಿಗೂ ಇಳಿದಿದೆ. ಅದು ಸೇಬಿಗೂ ತಗಲುವ ರೋಗ. ಕಾಶ್ಮೀರ, ಹಿಮಾಚಲದ ಲಕ್ಷಾಂತರ ಕುಟುಂಬಗಳು ಸೇಬನ್ನು ನಂಬಿವೆ, ಈಚೆಗೆ ಕಡಿಮೆ ಚಳಿಯ ಸೇಬನ್ನು ನಮ್ಮ ರಾಜ್ಯದಲ್ಲೂ ಕೆಲವರು ನೆಟ್ಟಿದ್ದಾರೆ. ಕಣ್ಣಿಗೆ ಆರೋಗ್ಯವಾಗಿ ಕಾಣುವ ಕಸಿಕಡ್ಡಿಯೊಳಗೂ ಈ ದುಂಡಾಣು ಅಡಗಿ ಬರಬಲ್ಲದು. ಆದ್ದರಿಂದ ಅಮೆರಿಕದಿಂದಲೋ ಯೂರೋಪಿನಿಂದಲೋ ಬರುವಾಗ ಒಳ್ಳೆಯ ತಳಿ ಎಂದು ಸೇಬಿನದಾಗಲಿ ಮರಸೇಬಿನದಾಗಲಿ ಕಡ್ಡಿಯನ್ನು ಸೂಟ್‌ಕೇಸಿನಲ್ಲಿ ಸುತ್ತಿ ತರಬೇಡಿ. ತರಲೇಬೇಕೆಂದರೆ ಸರ್ಕಾರದ ಸಸ್ಯ ಸಂಪರ್ಕತಡೆಯ ಮೂಲಕ, ಪರವಾನಗಿ ಪಡೆದೇ ತನ್ನಿ.